ಮೂತ್ರಕೋಶದ ರಾಸಾಯನಿಕ ಭಾಷೆ ಮತ್ತು ದುಡಿಯುವ ದೇಹ

(ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಮನೆಯೊಂದರಲ್ಲಿ ಸೇರಿದ್ದ ಓದುಗರ ಬಳಗದ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಹೆಸರಿಸದೆಯೇ ಹೇಳುವ ದಾರಿಗಳು ನಮ್ಮ ಭಾಷೆಯಲ್ಲಿ ಹೇರಳವಾಗಿವೆ. ಶಾಲೆಯ ಮಗು ಕಿರುಬೆರಳನ್ನು ಎತ್ತಿ ‘ಒಂದಕ್ಕೆ’ ಎನ್ನುತ್ತದೆ. ಓದಿಕೊಂಡ ಹಿರಿಯರು ‘ಜಲಬಾಧೆ’ ಎನ್ನುತ್ತಾರೆ. ಹಳ್ಳಿಯ ಹೆಂಗಸರು ‘ಹೊರಗೆ ಹೋಗಿ ಬರ್ತೀನಿ’ ಎಂದು ಎದ್ದು ಹೋಗುತ್ತಾರೆ. ಇವೆಲ್ಲ ಸಭ್ಯತೆಯ ಮಾತುಗಳೇ ಹೌದು. ಆದರೆ ಈ ಸಭ್ಯತೆಗೆ ಒಂದು ಬೆಲೆಯಿದೆ. ಬಾಯಿಬಿಟ್ಟು ಹೇಳಲಾಗದ ತೊಂದರೆಯನ್ನು ವೈದ್ಯರ ಮುಂದೆ ಹೇಳುವುದೂ ಕಷ್ಟ, ಧಣಿಯ ಮುಂದೆ ಬೇಡಿಕೆಯಾಗಿ ಇಡುವುದು ಇನ್ನೂ ಕಷ್ಟ. ಇಂದು ನಾನು ಮಾತನಾಡಲು ಹೊರಟಿರುವುದು ಇಂಥ ಒಂದು ತೊಂದರೆಯ ಬಗ್ಗೆ. ವೈದ್ಯಕೀಯದಲ್ಲಿ ಇದನ್ನು ಓವರ್‌ಆಕ್ಟಿವ್ ಬ್ಲಾಡರ್ ಎನ್ನುತ್ತಾರೆ. ಕನ್ನಡದಲ್ಲಿ ಅತಿಚಟುವಟಿಕೆಯ ಮೂತ್ರಕೋಶ ಎನ್ನಬಹುದು.

ವಿಷಯ ವಿಜ್ಞಾನದ್ದು, ನಮ್ಮ ಬಳಗದ ಆಸಕ್ತಿ ಸಮಾಜದ ಕಡೆಗೆ. ಎರಡನ್ನೂ ಬಲವಂತವಾಗಿ ಗಂಟುಹಾಕುವ ಉದ್ದೇಶ ನನಗಿಲ್ಲ. ಮೂತ್ರಕೋಶದ ಒಳಗೆ ನಡೆಯುವ ರಾಸಾಯನಿಕ ಮಾತುಕತೆಯನ್ನು ಸರಿಯಾಗಿ ತಿಳಿದುಕೊಂಡರೆ, ಅದರ ಚಿಕಿತ್ಸೆ ಯಾರಿಗೆ ಒದಗುತ್ತದೆ, ಯಾರಿಗೆ ಒದಗುವುದಿಲ್ಲ, ಏಕೆ ಎನ್ನುವುದು ತಾನಾಗಿಯೇ ಗೋಚರಿಸುತ್ತದೆ. ಆದುದರಿಂದ ಮೊದಲು ವಿಜ್ಞಾನಕ್ಕೆ ಅದರ ಪಾಲಿನ ಸಮಯವನ್ನು ಕೊಡೋಣ.

ಮೊದಲಿಗೆ ಈ ಸ್ಥಿತಿ ಯಾವುದು ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ 2002ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಇದರ ಮುಖ್ಯ ಲಕ್ಷಣ ಅವಸರ. ಮೂತ್ರ ಮಾಡಬೇಕೆಂಬ ಒತ್ತಡ ಇದ್ದಕ್ಕಿದ್ದಂತೆ ಬರುತ್ತದೆ, ಮುಂದೂಡಲು ಕಷ್ಟವಾಗುತ್ತದೆ. ಇದರ ಜೊತೆಗೆ ಸಾಮಾನ್ಯವಾಗಿ ಹಗಲಿನಲ್ಲಿ ಹೆಚ್ಚು ಸಲ ಹೋಗಬೇಕಾಗುತ್ತದೆ, ರಾತ್ರಿ ನಿದ್ದೆಯಿಂದ ಏಳಬೇಕಾಗುತ್ತದೆ. ಕೆಲವರಿಗೆ ಶೌಚಾಲಯ ತಲುಪುವ ಮೊದಲೇ ಸೋರಿಹೋಗುತ್ತದೆ, ಕೆಲವರಿಗೆ ಸೋರುವುದಿಲ್ಲ. ಸೋಂಕು ಅಥವಾ ಬೇರೆ ಸ್ಪಷ್ಟ ಕಾಯಿಲೆ ಇಲ್ಲದಿದ್ದಾಗ ಮಾತ್ರ ಈ ಹೆಸರು ಸಲ್ಲುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೂತ್ರದ ಪ್ರಮಾಣವೇ ಹೆಚ್ಚಾಗುವುದರಿಂದ ಪದೇ ಪದೇ ಹೋಗಬೇಕಾಗುತ್ತದೆ, ಅದು ಬೇರೆ. ಉರಿ, ಜ್ವರಗಳೊಡನೆ ಬರುವ ಸೋಂಕು ಬೇರೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ದಾರಿಗೆ ಅಡ್ಡವಾಗುವುದು ಬೇರೆ. ಮೂತ್ರದಲ್ಲಿ ರಕ್ತ ಕಂಡರೆ ಯಾವ ಹೆಸರನ್ನೂ ನಾವೇ ಇಟ್ಟುಕೊಳ್ಳದೆ ತಕ್ಷಣ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ರಾಸಾಯನಿಕ ಸಂಕೇತದ ಕಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನರಗಳು ಅಂಗಗಳಿಗೆ ಆಜ್ಞೆಯನ್ನು ಹೇಗೆ ಮುಟ್ಟಿಸುತ್ತವೆ ಎಂಬ ಬಗ್ಗೆ ದೊಡ್ಡ ವಿವಾದವಿತ್ತು. ವಿದ್ಯುತ್ ಕಿಡಿಯಂತೆ ನೇರವಾಗಿ ದಾಟುತ್ತದೆ ಎಂಬುದು ಒಂದು ಪಕ್ಷ. ನರದ ತುದಿಯಿಂದ ಯಾವುದೋ ರಾಸಾಯನಿಕ ಹೊರಬಂದು ಅಂಗದ ಮೇಲೆ ಕೆಲಸ ಮಾಡುತ್ತದೆ ಎಂಬುದು ಇನ್ನೊಂದು ಪಕ್ಷ. 1921ರಲ್ಲಿ ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಓಟ್ಟೋ ಲೋವಿ ಸರಳವಾದ ಪ್ರಯೋಗವೊಂದನ್ನು ಮಾಡಿದರು. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯ ಮುಳುಗಿದ್ದ ದ್ರವವನ್ನು ತೆಗೆದು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದಿದ್ದರೂ ಎರಡನೆಯ ಹೃದಯ ನಿಧಾನವಾಯಿತು. ಆಜ್ಞೆ ದ್ರವದಲ್ಲಿ ಕರಗಿತ್ತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಯಿತು. ಇದಕ್ಕಾಗಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ 1936ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಎರಡು ವರ್ಷಗಳ ಬಳಿಕ, 1938ರಲ್ಲಿ, ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡಾಗ ಯಹೂದಿಯಾಗಿದ್ದ ಲೋವಿಯವರನ್ನು ಸೆರೆಗೆ ಹಾಕಿದರು. ನೊಬೆಲ್ ಹಣವನ್ನು ಅವರ ಕೈಗೆ ಒಪ್ಪಿಸಿದ ಮೇಲೆಯೇ ದೇಶ ಬಿಡಲು ಅನುಮತಿ ಸಿಕ್ಕಿತು. ಬದುಕಿನ ಕೊನೆಯ ವರ್ಷಗಳನ್ನು ಅವರು ನ್ಯೂಯಾರ್ಕಿನಲ್ಲಿ ವಲಸಿಗರಾಗಿ ಕಳೆದರು.

ಈ ಅಸಿಟೈಲ್‌ಕೋಲಿನ್ನೇ ನಮ್ಮ ಇಂದಿನ ಕಥೆಯ ಮುಖ್ಯ ಪಾತ್ರ. ಮೂತ್ರಕೋಶಕ್ಕೆ ಎರಡು ಕೆಲಸಗಳಿವೆ: ತುಂಬಿಕೊಳ್ಳುವುದು, ಖಾಲಿಯಾಗುವುದು. ದಿನದ ಬಹುಪಾಲು ಸಮಯ ಅದು ತುಂಬಿಕೊಳ್ಳುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಅದರ ಗೋಡೆಯ ಸ್ನಾಯು ಸಡಿಲವಾಗಿರಬೇಕು, ಕೆಳಗಿನ ಬಾಗಿಲು ಬಿಗಿಯಾಗಿರಬೇಕು. ಸ್ನಾಯುವನ್ನು ಸಡಿಲಗೊಳಿಸುವ ಕೆಲಸದಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ನೆರವಾಗುತ್ತದೆ. ಅದು ಸ್ನಾಯುಕೋಶಗಳ ಮೇಲಿರುವ ಬೀಟಾ-3 ಎಂಬ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಗ್ರಾಹಕ ಎಂದರೆ ಕೋಶದ ಮೈಮೇಲಿನ ಬೀಗ, ರಾಸಾಯನಿಕ ಅದರ ಕೀಲಿ ಎಂದು ತಿಳಿಯಬಹುದು. ಖಾಲಿಯಾಗುವ ಹೊತ್ತು ಬಂದಾಗ ಬೇರೆ ನರಗಳು ಅಸಿಟೈಲ್‌ಕೋಲಿನ್ನನ್ನು ಸುರಿಸುತ್ತವೆ. ಅದು ಮಸ್ಕರಿನಿಕ್ ಎಂಬ ಜಾತಿಯ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಇವುಗಳಲ್ಲಿ ಎಂ-2 ಎಂಬ ಬಗೆ ಸಂಖ್ಯೆಯಲ್ಲಿ ಹೆಚ್ಚು. ಆದರೆ ಸ್ನಾಯುವನ್ನು ಹಿಂಡುವ ನಿಜವಾದ ಕೆಲಸ ಎಂ-3 ಎಂಬ ಬಗೆಯದು. ಅದೇ ಹೊತ್ತಿಗೆ ನೈಟ್ರಿಕ್ ಆಕ್ಸೈಡ್ ಎಂಬ ಮತ್ತೊಂದು ಸಂಕೇತ ಮೂತ್ರನಾಳವನ್ನು ಸಡಿಲಗೊಳಿಸುತ್ತದೆ. ಒಂದು ಕಡೆ ಹಿಂಡುವುದು, ಇನ್ನೊಂದು ಕಡೆ ಬಿಡುವುದು. ಇವೆರಡನ್ನೂ ಹೊಂದಿಸುವ ಕೇಂದ್ರ ಮಿದುಳಿನ ಕಾಂಡದಲ್ಲಿದೆ. ಅದರ ಮೇಲೆ ಮಿದುಳಿನ ಮುಂಭಾಗದ ಅಂಕೆಯಿದೆ. ‘ಈಗ ಬೇಡ, ಸ್ವಲ್ಪ ತಾಳು’ ಎಂದು ಹೇಳಲು ಮಗು ಕಲಿಯುವುದು ಈ ಮುಂಭಾಗದ ನೆರವಿನಿಂದಲೇ.

ಇಷ್ಟು ಕಾಲ ಈ ವಿವರಣೆಯಲ್ಲಿ ಮೂತ್ರಕೋಶ ಒಂದು ಮೂಕ ಚೀಲವಾಗಿತ್ತು; ಆಜ್ಞೆ ಮೇಲಿಂದ ಬರುತ್ತದೆ, ಚೀಲ ಪಾಲಿಸುತ್ತದೆ. ಚೀಲದ ಒಳಪದರವನ್ನು ನೀರು ಜಿನುಗದಂತೆ ತಡೆಯುವ ಅಸ್ತರಿ ಎಂದಷ್ಟೇ ಭಾವಿಸಲಾಗಿತ್ತು. ಕಳೆದ ಮೂರು ದಶಕಗಳಲ್ಲಿ ಬದಲಾದದ್ದು ಈ ತಿಳಿವಳಿಕೆ. ಒಳಪದರದ ಕೋಶಗಳು ಹಿಗ್ಗಿದಾಗ ತಾವೇ ರಾಸಾಯನಿಕಗಳನ್ನು ಹೊರಬಿಡುತ್ತವೆ. ಕೆಳಗಿರುವ ನರಗಳಿಗೆ ಸುದ್ದಿ ಮುಟ್ಟಿಸುತ್ತವೆ. ಕೆಳಗಿನವರಿಗೂ ಹೇಳುವುದಿದೆ ಎಂಬುದು ತಡವಾಗಿ ಅರಿವಾಯಿತು.

ಆ ಸುದ್ದಿವಾಹಕಗಳಲ್ಲಿ ಪ್ರಮುಖವಾದದ್ದು ಎಟಿಪಿ. ಶಾಲೆಯಲ್ಲಿ ಜೀವಶಾಸ್ತ್ರ ಓದಿದವರಿಗೆ ಇದು ಕೋಶದ ಶಕ್ತಿಯ ನಾಣ್ಯವೆಂದು ಗೊತ್ತು. ಅದೇ ವಸ್ತು ಕೋಶದ ಹೊರಗೆ ಬಂದು ಸಂಕೇತವಾಗಿಯೂ ಕೆಲಸ ಮಾಡುತ್ತದೆ ಎಂದು ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ವಾದಿಸಿದಾಗ ಹೆಚ್ಚಿನವರು ನಂಬಲಿಲ್ಲ. ಇಷ್ಟು ಬೆಲೆಬಾಳುವ ವಸ್ತುವನ್ನು ಕೋಶ ಸುದ್ದಿ ಕಳಿಸಲು ಪೋಲು ಮಾಡುತ್ತದೆಯೇ ಎಂಬುದು ಅವರ ಸಂಶಯ. ತೊಂಬತ್ತರ ದಶಕದಲ್ಲಿ ಎಟಿಪಿಯ ಗ್ರಾಹಕಗಳನ್ನೇ ಗುರುತಿಸಿದ ಮೇಲೆ ಸಂಶಯ ಅಳಿಯಿತು. 1997ರಲ್ಲಿ ಮೊಲದ ಮೂತ್ರಕೋಶದ ಒಳಪದರ ಹಿಗ್ಗಿದಾಗ ಎಟಿಪಿ ಹೊರಬರುವುದನ್ನು ತೋರಿಸಲಾಯಿತು. 2000ದಲ್ಲಿ, ನರದ ಮೇಲೆ ಎಟಿಪಿಯನ್ನು ಗುರುತಿಸುವ ಪಿ2ಎಕ್ಸ್3 ಎಂಬ ಗ್ರಾಹಕವಿಲ್ಲದ ಇಲಿಗಳ ಮೂತ್ರಕೋಶ ತುಂಬಿದರೂ ಮಂದವಾಗಿಯೇ ಇರುತ್ತದೆ ಎಂಬುದು ಪ್ರಕಟವಾಯಿತು. ಅಂದರೆ ‘ತುಂಬಿದೆ’ ಎಂಬ ಅನುಭವದ ಹಿಂದೆ ಒಂದು ರಾಸಾಯನಿಕ ವಾಕ್ಯವಿದೆ.

ಹಿಗ್ಗುವಿಕೆಯನ್ನು ಮೊದಲು ಗುರುತಿಸುವವರು ಯಾರು? ಇದಕ್ಕೆ ಉತ್ತರದ ಒಂದು ಭಾಗವನ್ನು ಕೊಟ್ಟವರು ಆರ್ಡೆಮ್ ಪಟಪೂಟಿಯನ್. ಲೆಬನಾನಿನ ಬೈರೂತ್‌ನಲ್ಲಿ ಆರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿ, ಅಂತರ್ಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಹೋದವರು. ಒತ್ತಡವನ್ನು ಗುರುತಿಸುವ ಪೀಜೋ ಎಂಬ ಪ್ರೋಟೀನುಗಳನ್ನು ಅವರ ತಂಡ ಕಂಡುಹಿಡಿಯಿತು. ಪೀಜೋ-2 ಮೂತ್ರಕೋಶದ ಒಳಪದರದಲ್ಲೂ ನರಗಳಲ್ಲೂ ಇರುವುದು 2020ರಲ್ಲಿ ವರದಿಯಾಯಿತು. ಹುಟ್ಟಿನಿಂದಲೇ ಪೀಜೋ-2 ಕೆಲಸ ಮಾಡದ ಕೆಲವು ಮನುಷ್ಯರಿದ್ದಾರೆ. ಮೂತ್ರಕೋಶ ತುಂಬುತ್ತಿರುವುದು ಅವರ ಅರಿವಿಗೆ ಸರಿಯಾಗಿ ಬರುವುದಿಲ್ಲ. ಆದ್ದರಿಂದ ಅವರಲ್ಲಿ ಹಲವರು ಗಡಿಯಾರ ನೋಡಿ ಹೋಗುತ್ತಾರೆ. ಪಟಪೂಟಿಯನ್ 2021ರ ನೊಬೆಲ್ ಪ್ರಶಸ್ತಿಯನ್ನು ಡೇವಿಡ್ ಜೂಲಿಯಸ್ ಅವರೊಂದಿಗೆ ಹಂಚಿಕೊಂಡರು. ಜೂಲಿಯಸ್ ಗುರುತಿಸಿದ್ದು ಮೆಣಸಿನಕಾಯಿಯ ಖಾರಕ್ಕೆ ಉರಿಯುವ ಗ್ರಾಹಕವನ್ನು. ಅದೂ ಮೂತ್ರಕೋಶದ ನರಗಳಲ್ಲಿದೆ. ಖಾರದ ಸತ್ವವಾದ ಕ್ಯಾಪ್ಸೈಸಿನ್ನನ್ನು ಮೂತ್ರಕೋಶದೊಳಕ್ಕೆ ತುಂಬಿಸಿ, ಅತಿಯಾಗಿ ಮಿಡಿಯುವ ನರಗಳನ್ನು ದಣಿಸುವ ಚಿಕಿತ್ಸೆಯನ್ನೂ ತೊಂಬತ್ತರ ದಶಕದಲ್ಲಿ ಪ್ರಯತ್ನಿಸಲಾಗಿತ್ತು.

ಹಾಗಾದರೆ ಅತಿಚಟುವಟಿಕೆಯ ಮೂತ್ರಕೋಶದಲ್ಲಿ ಕೆಡುವುದೇನು? ಒಂದೇ ಉತ್ತರವಿಲ್ಲ. ಕೆಲವರಲ್ಲಿ ಒಳಪದರ ಹೆಚ್ಚು ಎಟಿಪಿಯನ್ನು ಬಿಡುತ್ತದೆ. ಸ್ವಲ್ಪ ತುಂಬಿದರೂ ತುಂಬಾ ತುಂಬಿದೆ ಎಂಬ ಸುದ್ದಿ ಹೋಗುತ್ತದೆ. ಕೆಲವರಲ್ಲಿ ತುಂಬಿಕೊಳ್ಳುವ ಹೊತ್ತಿನಲ್ಲೇ ಅಸಿಟೈಲ್‌ಕೋಲಿನ್ ಸಣ್ಣ ಪ್ರಮಾಣದಲ್ಲಿ ಜಿನುಗಿ ಸ್ನಾಯುವನ್ನು ಕೆಣಕುತ್ತದೆ. ಉರಿಯೂತದ ಪ್ರೋಸ್ಟಾಗ್ಲಾಂಡಿನ್‌ಗಳು, ನರಗಳ ಬೆಳವಣಿಗೆಗೆ ಬೇಕಾದ ಅಂಶಗಳು ಹೆಚ್ಚಾಗಿ ನರಗಳು ಸೂಕ್ಷ್ಮವಾಗುತ್ತವೆ. ಆರೋಗ್ಯವಂತರ ಸ್ನಾಯುವಿನ ಹಿಂಡುವಿಕೆಯಲ್ಲಿ ಎಟಿಪಿಯ ಪಾಲು ಅತ್ಯಲ್ಪ. ವಯಸ್ಸಾದಂತೆ, ರೋಗವಿದ್ದಾಗ, ಆ ಪಾಲು ಬೆಳೆಯುತ್ತದೆ. ಕೆಲವರಲ್ಲಿ ಮಿದುಳಿನ ಅಂಕೆ ಸಡಿಲವಾಗುತ್ತದೆ. ರೋಗಿಗೆ ಆಗುವ ಅನುಭವ ಒಂದೇ ಆದರೂ ಹಿಂದಿನ ದಾರಿಗಳು ಹಲವು. ಆದ್ದರಿಂದಲೇ ಒಬ್ಬರಿಗೆ ಫಲ ಕೊಟ್ಟ ಮಾತ್ರೆ ಮತ್ತೊಬ್ಬರಿಗೆ ಕೊಡುವುದಿಲ್ಲ. ಇದು ಮನಸ್ಸಿನ ದೌರ್ಬಲ್ಯವೂ ಅಲ್ಲ, ನೆಪವೂ ಅಲ್ಲ. ‘ಈಗ ತಾನೇ ಹೋಗಿ ಬಂದೆಯಲ್ಲ’ ಎಂದು ಗದರಿಸುವ ಮೇಲ್ವಿಚಾರಕನಿಗೆ ಕೊಡಬೇಕಾದ ಮೊದಲ ಉತ್ತರ ಇದೇ.

ಇನ್ನು ಔಷಧದ ಮಾತು. ನಮ್ಮ ಊರಿನ ಬೇಲಿಯಂಚಿನಲ್ಲಿ ಬೆಳೆಯುವ ಉಮ್ಮತ್ತಿ ಗಿಡವನ್ನು ನೀವೆಲ್ಲ ಬಲ್ಲಿರಿ. ಶಿವನ ಪೂಜೆಗೆ ಅದರ ಹೂವನ್ನು ಏರಿಸುತ್ತಾರೆ. ಅದರ ಬೀಜವನ್ನು ತಿಂದವರಿಗೆ ಏನಾಗುತ್ತದೆ ಎಂಬುದೂ ಹಳ್ಳಿಗರಿಗೆ ಗೊತ್ತು: ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೈ ಬೆವರದೆ ಕಾದು ಕೆಂಪಾಗುತ್ತದೆ, ಮೂತ್ರ ಕಟ್ಟುತ್ತದೆ, ಬುದ್ಧಿ ಭ್ರಮಿಸುತ್ತದೆ. ಕಾರಣ, ಅದರಲ್ಲಿರುವ ಅಟ್ರೊಪಿನ್ ಮತ್ತು ಸ್ಕೊಪೊಲಮಿನ್‌ಗಳು ಮಸ್ಕರಿನಿಕ್ ಗ್ರಾಹಕಗಳ ಬೀಗಕ್ಕೆ ಮೇಣ ತುಂಬಿದಂತೆ ಅಂಟಿಕೊಂಡು ಅಸಿಟೈಲ್‌ಕೋಲಿನ್ ಒಳಬಾರದಂತೆ ತಡೆಯುತ್ತವೆ. ಮೂತ್ರಕೋಶಕ್ಕೆ ಇಂದಿಗೂ ಹೆಚ್ಚಾಗಿ ಬಳಸುವ ಮಾತ್ರೆಗಳ ಗುಂಪು ಮಾಡುವುದೂ ಇದೇ ಕೆಲಸವನ್ನು, ಹೆಚ್ಚು ಹದವಾಗಿ. ಅಮೆರಿಕದಲ್ಲಿ 1975ರಲ್ಲಿ ಅನುಮತಿ ಪಡೆದ ಆಕ್ಸಿಬ್ಯುಟಿನಿನ್ ಇವುಗಳಲ್ಲಿ ಹಳೆಯದು, ಅಗ್ಗವಾದದ್ದು. ಟೋಲ್ಟೆರೊಡಿನ್, ಸೋಲಿಫೆನಾಸಿನ್ ಮುಂತಾದವು ನಂತರ ಬಂದವು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಅಸಿಟೈಲ್‌ಕೋಲಿನ್ ಮೂತ್ರಕೋಶಕ್ಕೆ ಮಾತ್ರ ಸೇರಿದ ಭಾಷೆಯಲ್ಲ. ಬಾಯಿಯ ಜೊಲ್ಲು, ಕರುಳಿನ ಚಲನೆ, ಮಿದುಳಿನ ನೆನಪು ಇವೆಲ್ಲ ಅದೇ ಭಾಷೆಯನ್ನು ಬಳಸುತ್ತವೆ. ಬೆವರಿನ ಗ್ರಂಥಿಗಳೂ ಅಷ್ಟೇ. ಬೆವರು ಬರಬೇಕಾದರೆ ನರಗಳು ಅಸಿಟೈಲ್‌ಕೋಲಿನ್ ಸುರಿಸಬೇಕು. ಅದು ಎಂ-3 ಗ್ರಾಹಕಕ್ಕೆ ಅಂಟಬೇಕು. ಮೂತ್ರಕೋಶದಲ್ಲಿ ನಾವು ಮುಚ್ಚಲು ಬಯಸುವ ಬೀಗವೂ ಅದೇ. ಹೀಗಾಗಿ ಆಕ್ಸಿಬ್ಯುಟಿನಿನ್ ಬೆವರನ್ನೂ ಕಡಿಮೆ ಮಾಡುತ್ತದೆ. ಅತಿಯಾಗಿ ಬೆವರುವವರಿಗೆ ಕೆಲವು ವೈದ್ಯರು ಅದನ್ನೇ ಔಷಧವಾಗಿ ಕೊಡುವುದುಂಟು. ಬಿಸಿ ವಾತಾವರಣದಲ್ಲಿ ಬೆವರು ತಗ್ಗಿ ಜ್ವರ, ಶಾಖಾಘಾತ ಆಗಬಹುದು ಎಂಬ ಎಚ್ಚರಿಕೆ ಆ ಔಷಧದ ವಿವರಪತ್ರದಲ್ಲಿಯೇ ಇದೆ.

ಈ ಎಚ್ಚರಿಕೆಯನ್ನು ಲಂಡನ್ನಿನಲ್ಲಿ ಓದುವುದು ಬೇರೆ, ದುಬೈನಲ್ಲಿ ಓದುವುದು ಬೇರೆ. ಬೇಸಗೆಯಲ್ಲಿ ಇಲ್ಲಿನ ಹಗಲು 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಸುತ್ತಲಿನ ಗಾಳಿ ಮೈಯ ಶಾಖಕ್ಕಿಂತ ಬಿಸಿಯಾಗಿರುವಾಗ ಮೈ ತಣಿಯಲು ಇರುವ ದಾರಿ ಒಂದೇ: ಬೆವರು ಆವಿಯಾಗುವುದು. ತಣ್ಣನೆಯ ಕಚೇರಿಯಲ್ಲಿ ಕುಳಿತು, ತಣ್ಣನೆಯ ಕಾರಿನಲ್ಲಿ ಮನೆಗೆ ಬರುವ ನನಗೆ ಆ ಮಾತ್ರೆಯಿಂದ ಬಾಯಿ ಒಣಗೀತು, ಮಲಬದ್ಧತೆಯಾದೀತು. ಅದೇ ಮಾತ್ರೆ ಕಟ್ಟಡದ ಮೇಲೆ ಸರಳು ಕಟ್ಟುವವನ, ತೋಟ ನೋಡಿಕೊಳ್ಳುವವನ, ಮೋಟರ್‌ಬೈಕಿನಲ್ಲಿ ಊಟ ತಲುಪಿಸುವವನ ದೇಹದಲ್ಲಿ ತಂಪಾಗುವ ದಾರಿಯನ್ನೇ ಕಿರಿದು ಮಾಡುತ್ತದೆ. ಗ್ರಾಹಕ ಒಂದೇ, ಅಣು ಒಂದೇ, ಮಾತ್ರೆ ಒಂದೇ. ಅಪಾಯ ಮಾತ್ರ ದೇಹ ಎಲ್ಲಿ ನಿಂತು ದುಡಿಯುತ್ತದೆ ಎಂಬುದನ್ನು ಅವಲಂಬಿಸಿದೆ. ವೈದ್ಯರು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ‘ನಿನ್ನ ಕೆಲಸ ಏನು, ಎಲ್ಲಿ ನಿಂತು ಮಾಡುತ್ತೀಯೆ’ ಎಂಬುದು ಸೇರಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ಬೇಕಿಲ್ಲ.

ಇಲ್ಲಿನ ಕಾನೂನು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ಮುರಿದವರಿಗೆ ಪ್ರತಿ ಕಾರ್ಮಿಕನಿಗೆ 5,000 ದಿರ್ಹಮ್‌ನಂತೆ, ಗರಿಷ್ಠ 50,000 ದಿರ್ಹಮ್‌ವರೆಗೆ ದಂಡವಿದೆ. ಇದು ನಿಜವಾದ ರಕ್ಷಣೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಬೆಳಗಿನ ಹತ್ತು ಗಂಟೆಯ ಬಿಸಿಲು, ಸೆಪ್ಟೆಂಬರ್ ಕೊನೆಯ ಸೆಕೆ, ಸಮುದ್ರದ ತೇವ ತುಂಬಿದ ರಾತ್ರಿ, ಇವು ಗಡಿಯಾರಕ್ಕೆ ಕಟ್ಟುಬಿದ್ದಿಲ್ಲ. ಬೆವರನ್ನು ತಡೆಯುವ ಮಾತ್ರೆಯ ಪರಿಣಾಮವೂ ಮೂರು ಗಂಟೆಗೆ ಮುಗಿಯುವುದಿಲ್ಲ.

ಬೇರೆ ಔಷಧವಿಲ್ಲವೇ ಎಂದು ನೀವು ಕೇಳಬಹುದು. ಇದೆ. ತುಂಬಿಕೊಳ್ಳುವ ಹೊತ್ತಿನಲ್ಲಿ ಸ್ನಾಯುವನ್ನು ಸಡಿಲಗೊಳಿಸುವ ಬೀಟಾ-3 ಬೀಗವನ್ನು ತೆರೆಯುವ ಮಿರಾಬೆಗ್ರಾನ್ 2011ರಲ್ಲಿ ಜಪಾನಿನಲ್ಲೂ 2012ರಲ್ಲಿ ಅಮೆರಿಕದಲ್ಲೂ ಬಂತು. ಅದು ಬೆವರನ್ನು ತಡೆಯುವುದಿಲ್ಲ, ಬಾಯಿಯನ್ನು ಅಷ್ಟಾಗಿ ಒಣಗಿಸುವುದಿಲ್ಲ. ರಕ್ತದೊತ್ತಡವನ್ನು ಏರಿಸಬಹುದಾದ್ದರಿಂದ ಅಂಕೆಗೆ ಬಾರದ ರಕ್ತದೊತ್ತಡ ಇರುವವರಿಗೆ ಅದನ್ನು ಕೊಡುವುದಿಲ್ಲ. ಅಸಿಟೈಲ್‌ಕೋಲಿನ್ ನರದ ತುದಿಯಿಂದ ಹೊರಬರುವುದನ್ನೇ ನಿಲ್ಲಿಸುವ ಬೊಟುಲಿನಮ್ ವಿಷದ ಚುಚ್ಚುಮದ್ದಿಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು; ಅದನ್ನು ಕೆಲವು ತಿಂಗಳಿಗೊಮ್ಮೆ ತಜ್ಞರು ಮೂತ್ರಕೋಶದೊಳಗೇ ಕೊಡಬೇಕು. ಹೊಸ ಔಷಧ, ತಜ್ಞರ ಭೇಟಿ, ಚುಚ್ಚುಮದ್ದು, ಇವು ಹಣ ಮತ್ತು ವಿಮೆಯ ಮಾತು. ಒಂದೇ ಕಂಪೆನಿಯ ವ್ಯವಸ್ಥಾಪಕನ ವಿಮಾ ಕಾರ್ಡೂ ಸಹಾಯಕನ ವಿಮಾ ಕಾರ್ಡೂ ಒಂದೇ ಬಾಗಿಲುಗಳನ್ನು ತೆರೆಯುವುದಿಲ್ಲ ಎಂಬುದು ಇಲ್ಲಿ ಕುಳಿತಿರುವ ಯಾರಿಗೂ ಹೊಸ ಸುದ್ದಿಯಲ್ಲ. ಬಿಸಿಲಿನಲ್ಲಿ ದುಡಿಯುವವನಿಗೆ ಹೆಚ್ಚು ಸುರಕ್ಷಿತವಾದ ಮಾತ್ರೆ ಬೇಕು. ಅವನ ಕೈಗೆಟುಕುವುದು ಅಗ್ಗದ್ದು. ಹಳೆಯ ಗುಂಪಿನ ಮಾತ್ರೆಗಳಿಗೆ ಇನ್ನೊಂದು ಆತಂಕವೂ ಇದೆ. ಅಸಿಟೈಲ್‌ಕೋಲಿನ್ ತಡೆಯುವ ಪ್ರಬಲ ಔಷಧಗಳನ್ನು ವರ್ಷಗಟ್ಟಲೆ ಸೇವಿಸಿದ ವೃದ್ಧರಲ್ಲಿ ಮರೆಗುಳಿತನ ಹೆಚ್ಚಾಗಿ ಕಂಡುಬಂದಿದೆ ಎಂದು 2015ರ ಅಮೆರಿಕದ ಅಧ್ಯಯನವೊಂದು ವರದಿ ಮಾಡಿತು. ಔಷಧವೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೂ ಊರಿನಲ್ಲಿರುವ ತಂದೆತಾಯಿಯರ ಮಾತ್ರೆಗಳ ಪಟ್ಟಿಯನ್ನು ವೈದ್ಯರೊಂದಿಗೆ ಮರಳಿ ನೋಡಲು ಇಷ್ಟು ಕಾರಣ ಸಾಕು.

ಮಾತ್ರೆಗೂ ಮೊದಲು ಕೊಡಬೇಕಾದ ಚಿಕಿತ್ಸೆ ಬೇರೆಯೇ ಇದೆ. ಅದಕ್ಕೆ ಹಣ ಬೇಕಿಲ್ಲ. ಕರಕ್ ಚಾಯ್, ಕಾಫಿಗಳನ್ನು ತಗ್ಗಿಸುವುದು, ನೀರನ್ನು ಹದವಾಗಿ ಕುಡಿಯುವುದು, ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಮತ್ತು ಮೂತ್ರಕೋಶದ ತರಬೇತಿ. ಈ ತರಬೇತಿಯಲ್ಲಿ ನಿಗದಿಯಾದ ಹೊತ್ತಿಗೆ ಹೋಗುವ ಅಭ್ಯಾಸದಿಂದ ಆರಂಭಿಸಿ, ನಡುವಿನ ಅವಧಿಯನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಒಂದು ಗಂಟೆ, ಒಂದೂಕಾಲು ಗಂಟೆ, ಒಂದೂವರೆ ಗಂಟೆ. ಹೀಗೆ ಮಿದುಳಿನ ಅಂಕೆ ಮತ್ತೆ ಬಲಗೊಳ್ಳುತ್ತದೆ. ಕೇಳಲು ಎಷ್ಟು ಸುಲಭ! ಆದರೆ ಇದಕ್ಕೆ ಒಂದು ಪೂರ್ವಶರತ್ತಿದೆ: ತನ್ನ ಸಮಯದ ಮೇಲೆ ತನಗೆ ಅಧಿಕಾರವಿರಬೇಕು, ಹೋಗಲು ಹತ್ತಿರದಲ್ಲಿ ಶುಚಿಯಾದ ಜಾಗವಿರಬೇಕು. ಮಾಲ್‌ನ ಅಂಗಡಿಯಲ್ಲಿ ಒಬ್ಬಳೇ ಕೌಂಟರ್ ನೋಡಿಕೊಳ್ಳುವ ಹುಡುಗಿಗೆ, ಮಗುವನ್ನು ಬಿಟ್ಟು ಕದಲಲಾರದ ಮನೆಗೆಲಸದ ಹೆಂಗಸಿಗೆ, ಎಂಟು ಜನ ಹಾಸಿಗೆ ಹಂಚಿಕೊಂಡ ಬೆಡ್‌ಸ್ಪೇಸ್‌ನಲ್ಲಿ ಬೆಳಗಿನ ಸರದಿಗೆ ಕಾಯುವವನಿಗೆ ಇವೆರಡೂ ಇಲ್ಲ. ದುಡ್ಡಿಲ್ಲದೆ ಸಿಗುವ ಚಿಕಿತ್ಸೆ ಅವರಿಗೆ ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ಆದ್ದರಿಂದ ಅವರು ತಮಗೆ ತಿಳಿದ ಚಿಕಿತ್ಸೆಯನ್ನು ಮಾಡಿಕೊಳ್ಳುತ್ತಾರೆ: ನೀರು ಕುಡಿಯುವುದನ್ನು ಬಿಡುತ್ತಾರೆ. ನಮ್ಮ ಕಾಸರಗೋಡಿಗೆ ದೂರವಲ್ಲದ ಕೋಳಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳ ಮಾರಾಟದ ಹೆಂಗಸರು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಅವರಲ್ಲಿ ಅನೇಕರಿಗೆ ಮೂತ್ರದ ಸೋಂಕುಗಳು ಅಂಟಿಕೊಂಡವು. ಪಿ. ವಿಜಿ ಎಂಬ ದರ್ಜಿ ಹೆಂಗಸಿನ ಮುಂದಾಳತ್ವದಲ್ಲಿ ಪೆಣ್‌ಕೂಟ್ಟ್ ಎಂಬ ಸಂಘಟನೆ ಹುಟ್ಟಿದ್ದು ಶೌಚಾಲಯದ ಬೇಡಿಕೆಯಿಂದ. ಅಲ್ಲಿಂದ ಬೆಳೆದ ಹೋರಾಟ ಕೂರುವ ಹಕ್ಕಿನವರೆಗೆ ಹೋಯಿತು; ದಿನವಿಡೀ ನಿಂತೇ ಇರಬೇಕಾಗಿದ್ದ ಅಂಗಡಿ ನೌಕರರಿಗೆ ಆಸನ ಕೊಡಬೇಕೆಂದು 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನನ್ನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಹೇಳಬಾರದ ಮಾತೆಂದು ನಾವು ಮುಚ್ಚಿಟ್ಟದ್ದನ್ನು ಆ ಹೆಂಗಸರು ಬೀದಿಯಲ್ಲಿ ನಿಂತು ಹೇಳಿದರು; ಕಾನೂನು ಬದಲಾಯಿತು.

ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯ 18ನೆಯ ವಿಧಿ ಕುಡಿಯುವ ನೀರಿನ ಬಗ್ಗೆ, 19ನೆಯ ವಿಧಿ ಶೌಚಾಲಯಗಳ ಬಗ್ಗೆ ಮಾತನಾಡಿತ್ತು. ಕಾಗದದ ಮೇಲೆ ಹಕ್ಕು ಇತ್ತು. ಆದರೆ ಗಂಟೆಗೆ ಇಷ್ಟು ತುಂಡು ಎಂಬ ಟಾರ್ಗೆಟ್ ತಲೆಯ ಮೇಲಿರುವಾಗ ಎದ್ದು ಹೋಗಲು ಅನುಮತಿ ಕೇಳಬೇಕು, ಬಯ್ಗುಳ ಕೇಳಬೇಕು ಎಂಬುದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕ ಸಂಘಟನೆಗಳ ಹಳೆಯ ದೂರು. ಶೌಚಾಲಯವನ್ನು ಕಟ್ಟುವುದು ಒಂದು, ಅಲ್ಲಿಗೆ ಹೋಗಲು ಐದು ನಿಮಿಷ ಬಿಡುವುದು ಇನ್ನೊಂದು.

ಸಂಕೇತವನ್ನು ತಪ್ಪಾಗಿ ಓದಿದರೆ ಎಂತಹ ಅನಾಹುತವಾಗುತ್ತದೆ ಎಂಬುದಕ್ಕೆ ಕಲಬುರಗಿಯ ಉದಾಹರಣೆ ನಮ್ಮ ಮುಂದಿದೆ. ಅಲ್ಲಿನ ತಾಂಡಾಗಳ ಲಂಬಾಣಿ ಹೆಂಗಸರು ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು, ಮೂತ್ರದ ಸೋಂಕಿನಂಥ ದೂರುಗಳೊಂದಿಗೆ ಖಾಸಗಿ ಆಸ್ಪತ್ರೆಗಳಿಗೆ ಹೋದರು. ಅವರಲ್ಲಿ ಅನೇಕರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆಯಲಾಯಿತು; ಹಲವರು ನಲವತ್ತೂ ದಾಟದವರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಬೆನ್ನುಹತ್ತಿದ್ದರಿಂದ 2015ರ ಹೊತ್ತಿಗೆ ಈ ವಿಷಯ ಸರ್ಕಾರದ ತನಿಖೆಯವರೆಗೆ ಹೋಯಿತು. ಸೋಂಕಿಗೆ ಬೇಕಿದ್ದದ್ದು ಪರೀಕ್ಷೆ, ಕೆಲವು ದಿನಗಳ ಔಷಧ, ಕುಡಿಯಲು ನೀರು, ಮರೆಯಾದ ಒಂದು ಜಾಗ. ಸಿಕ್ಕಿದ್ದು ಶಸ್ತ್ರಚಿಕಿತ್ಸೆ ಮತ್ತು ಸಾಲ. ಬಡವರ ದೇಹದ ಮಾತನ್ನು ಕೇಳಿಸಿಕೊಳ್ಳಲು ತಾಳ್ಮೆಯಿಲ್ಲದ ವೈದ್ಯಕೀಯ ಹೀಗೆ ವರ್ತಿಸುತ್ತದೆ.

ಇಲ್ಲಿ ನಮ್ಮಂಥ ಪ್ರಗತಿಪರರಿಗೆ ಒಂದು ಆಕರ್ಷಣೆಯಿದೆ. ಅದರ ಬಗ್ಗೆ ಎಚ್ಚರ ಬೇಕು. ಎಲ್ಲವೂ ಸಮಾಜದ ದೋಷ, ಶೋಷಣೆ ನಿಂತರೆ ರೋಗವೂ ನಿಲ್ಲುತ್ತದೆ ಎಂದು ಹೇಳಿಬಿಡುವುದು ಸುಲಭ. ಅದು ನಿಜವಲ್ಲ. ಈ ಬಡಾವಣೆಯಲ್ಲಿ ಎರಡು ಶೌಚಾಲಯಗಳಿರುವ ಮನೆಯಲ್ಲಿ ಹಾಯಾಗಿರುವವರಿಗೂ ಈ ತೊಂದರೆ ಬರುತ್ತದೆ. ವಯಸ್ಸು, ನರಗಳ ಕಾಯಿಲೆ, ಹೆರಿಗೆ, ಕಾರಣವೇ ತಿಳಿಯದ ಎಷ್ಟೋ ಸಂದರ್ಭಗಳು ಇದರ ಹಿಂದಿರುತ್ತವೆ. ಅವರಿಗೆ ಔಷಧ ಬೇಕು, ಸಂಶೋಧನೆ ಬೇಕು. ಎಲ್ಲವೂ ರಾಸಾಯನಿಕ, ಸರಿಯಾದ ಅಣು ಸಿಕ್ಕರೆ ಮುಗಿಯಿತು ಎಂಬ ಮಾತೂ ಅಷ್ಟೇ ಅರ್ಧಸತ್ಯ. ಅಸಿಟೈಲ್‌ಕೋಲಿನ್ನಿಗೆ ವರ್ಗ ಗೊತ್ತಿಲ್ಲ. ಆದರೆ ಅದನ್ನು ತಡೆಯುವ ಮಾತ್ರೆ ನುಂಗಿದ ಮೇಲೆ ನೆರಳಿಗೆ ಹೋಗಬಹುದೇ, ಬಿಸಿಲಿನಲ್ಲೇ ನಿಲ್ಲಬೇಕೇ ಎಂಬುದನ್ನು ವರ್ಗ ತೀರ್ಮಾನಿಸುತ್ತದೆ.

ನಾವು ಮಾಡಬಹುದಾದದ್ದು ಏನು? ದೊಡ್ಡ ಘೋಷಣೆಗಳಿಗಿಂತ ಕೆಲವು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ನಮ್ಮ ಶೌಚಾಲಯವನ್ನು ಬಳಸಲು ಅಂಜಿಕೆಯಿದ್ದರೆ ಆ ಅಂಜಿಕೆಯನ್ನು ನಾವೇ ಮಾತನಾಡಿ ತೆಗೆಯಬೇಕು; ಅವರಾಗಿಯೇ ಕೇಳಲಿ ಎಂದು ಕಾಯಬಾರದು. ಇಲ್ಲಿ ನಮ್ಮಲ್ಲಿ ಹಲವರು ತಂಡಗಳನ್ನು ನಡೆಸುತ್ತಾರೆ, ಅಂಗಡಿ ನಡೆಸುತ್ತಾರೆ, ಸೈಟುಗಳ ಮೇಲ್ವಿಚಾರಣೆ ಮಾಡುತ್ತಾರೆ. ಅನುಮತಿ ಕೇಳದೆ ಎದ್ದು ಹೋಗಬಹುದು ಎಂಬ ಒಂದು ನಿಯಮವನ್ನು ಜಾರಿಗೆ ತರಲು ಅವರು ಯಾರನ್ನೂ ಕೇಳಬೇಕಿಲ್ಲ. ಬಿಸಿಲಿನಲ್ಲಿ ದುಡಿಯುವ ಪರಿಚಿತರು ಮೂತ್ರಕೋಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರು ತಮ್ಮ ಕೆಲಸವನ್ನು ವೈದ್ಯರಿಗೆ ವಿವರಿಸಿದ್ದಾರೆಯೇ ಎಂದು ಕೇಳಿ. ಭಾಷೆ ಬಾರದಿದ್ದರೆ ಜೊತೆಗೆ ಹೋಗಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬೇಡ, ಬದಲಾವಣೆಯನ್ನು ವೈದ್ಯರೇ ಮಾಡಲಿ. ಊರಿನಲ್ಲಿರುವ ಅಮ್ಮನಿಗೆ ಫೋನು ಮಾಡಿದಾಗ ಸಕ್ಕರೆ, ರಕ್ತದೊತ್ತಡಗಳ ಜೊತೆಗೆ ಇದನ್ನೂ ಕೇಳಿ. ಬಸ್ಸಿನ ಪ್ರಯಾಣವನ್ನು, ಮದುವೆ ಮನೆಗಳನ್ನು ಅವರು ಏಕೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದರ ಕಾರಣ ಬಹುಶಃ ಅಲ್ಲಿದ್ದೀತು.

ಮೂತ್ರಕೋಶದ ಒಳಪದರ ಮಾತನಾಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ದಶಕಗಳು ಬೇಕಾದವು. ಬೆಡ್‌ಸ್ಪೇಸ್‌ನವನು, ಕೌಂಟರಿನ ಹುಡುಗಿ, ತಾಂಡಾದ ಹೆಂಗಸು ಹೇಳುವುದನ್ನು ಕೇಳಿಸಿಕೊಳ್ಳಲು ನಾವು ಅಷ್ಟು ಕಾಲ ತೆಗೆದುಕೊಳ್ಳಬೇಕಿಲ್ಲ. ಪ್ರಶ್ನೆಗಳಿದ್ದರೆ ಸಂಕೋಚವಿಲ್ಲದೆ ಕೇಳಿ. ಸಂಕೋಚವನ್ನು ಕಳೆಯುವುದೇ ಇಂದಿನ ಮಾತಿನ ಅರ್ಧ ಉದ್ದೇಶ.